ಶೇಂಗಾ ಹಿಂಡಿಯ ಮುಗಿಯದ ಪ್ಯಾಕೆಟ್

ಮುಂಬೈನ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಚೇಷ್ಟೆಯಿಂದ ಪಾರಾದವರು ಯಾರೂ ಇಲ್ಲ. ಸೆಕ್ರೆಟರಿಯ ಹೆಸರಿನಲ್ಲಿ ‘ಭಾನುವಾರ ನೀರಿನ ಟಾಕಿ ನಾನೇ ತೊಳೆಯುತ್ತೇನೆ’ ಎಂದು ನೋಟಿಸ್ ಅಂಟಿಸಿ, ಆತ ಮರ್ಯಾದೆಗೆ ಅಂಜಿ ನಿಜವಾಗಿಯೂ ಟಾಕಿಗೆ ಇಳಿಯುವಂತೆ ಮಾಡಿದವನು ನಾನು. ಅಂಥವನಿಗೆ ಮುದಿ ವಯಸ್ಸಿನಲ್ಲಿ ಹೆಂಡತಿಯ ಆನ್‌ಲೈನ್ ಅಂಗಡಿಯ ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸುವುದು ಯಾವ ಲೆಕ್ಕ?

ಅವಳಿಗೆ ಮೊದಲು ಸ್ಟೇಷನ್ ಬಳಿ ಪುಟ್ಟದೊಂದು ಅಂಗಡಿಯಿತ್ತು. ನಮ್ಮ ವಿಜಾಪುರದ ಕಡೆಯ ಚಟ್ನಿಪುಡಿಗಳಾದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಜೊತೆಗೆ ಖಡಕ್ ರೊಟ್ಟಿ ಮಾರುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಆಮೇಲೆ ಅವಳು ಗೋಡೆ ನೋಡುತ್ತ ಕೂತುಬಿಟ್ಟಳು. ಊಟ ಕಡಿಮೆಯಾಯಿತು, ಮಾತು ನಿಂತಿತು, ಕೊನೆಗೆ ನನ್ನನ್ನು ಬೈಯುವುದನ್ನೂ ಬಿಟ್ಟಳು. ನನಗೆ ಹೆದರಿಕೆಯಾದದ್ದು ಆಗ.

ಹಾಗಾಗಿ ಮೊಬೈಲಿನಲ್ಲೇ ಅವಳಿಗೊಂದು ಅಂಗಡಿ ತೆರೆದುಕೊಟ್ಟೆ. ಸ್ಟಾಕ್ ಎಷ್ಟಿದೆ ಎಂದು ಹೇಳುವುದಕ್ಕೆ ಒಂದು ಆ್ಯಪ್, ಕೊರಿಯರ್ ಕರೆಯುವುದಕ್ಕೆ ಇನ್ನೊಂದು, ಮಾರಾಟದ ದೊಡ್ಡ ತಾಣವೊಂದರಲ್ಲಿ ನಮ್ಮ ಮಾಲು ಕಾಣಿಸುವುದಕ್ಕೆ ಮತ್ತೊಂದು. ಮೂರೂ ಬೇರೆ ಬೇರೆ ಕಂಪನಿಯವು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಗಿರಾಕಿಗಳೆಲ್ಲ ಬರುತ್ತಿದ್ದದ್ದು ಆ ದೊಡ್ಡ ತಾಣದಿಂದಲೇ. ಅವಳು ಒಲೆ ಹಚ್ಚಿದಳು, ನನ್ನನ್ನು ಮತ್ತೆ ಬೈಯತೊಡಗಿದಳು. ನನಗೆ ನಿದ್ದೆ ಹತ್ತಿತು.

ನಮ್ಮಲ್ಲಿ ಡಬ್ಬಿ ಬರಿದು ಮಾಡುವ ರೂಢಿಯಿಲ್ಲ. ಜೋಳವಿರಲಿ, ಉಪ್ಪಿರಲಿ, ತಳದಲ್ಲಿ ಒಂದು ಹಿಡಿ ಉಳಿಸಿಕೊಂಡೇ ಹೊಸದನ್ನು ತುಂಬುತ್ತಾರೆ. ಒಂದು ದಿನ ಮೊಬೈಲಿನಲ್ಲಿ ಶೇಂಗಾ ಹಿಂಡಿಯ ಎದುರು ಸೊನ್ನೆ ಕಂಡು ಅವಳ ಮುಖ ಬಾಡಿತು.

“ಏನ್ರೀ ಇದು, ಅಂಗಡ್ಯಾಗ ಸೊನ್ನಿ ಬರದೀರಿ? ಹಿಂಗಾದ್ರ ಲಕ್ಷ್ಮಿ ನಿಂದರತಾಳೇನು? ಒಂದರೆ ಇರ್ಲಿ.”

“ಇರ್ಲಿ ತಗೋ. ವಿರಾರ್ ಲೋಕಲ್‌ನ್ಯಾಗ ಸೀಟ್ ಹಿಡದಂಗ ನಿನ್ನ ಲಕ್ಷ್ಮಿಗೂ ಒಂದು ಹಿಡದ ಇಡ್ತೀನಿ” ಎಂದೆ.

ಸ್ಟಾಕ್ ಆ್ಯಪ್‌ನ ಸೆಟ್ಟಿಂಗ್ ಹುಡುಕಿ, ಯಾವ ಮಾಲೂ ಒಂದಕ್ಕಿಂತ ಕೆಳಗೆ ಇಳಿಯದಂತೆ ಮಾಡಿದೆ. ಡಬ್ಬಿಯ ತಳದ ಹಿಡಿಗೆ ಯಾರೂ ಬೆಲೆ ಕೇಳುವುದಿಲ್ಲ. ಆ್ಯಪ್‌ಗೆ ಆ ಮರ್ಯಾದೆ ಎಲ್ಲಿಂದ ಬರಬೇಕು? ಒಂದು ಇದೆ ಎಂದರೆ ಮಾರುವುದಕ್ಕಿದೆ, ಅಷ್ಟೇ. ಅವಳು ಜ್ವರದಿಂದ ಮಲಗಿದ ವಾರ ಮನೆಯಲ್ಲಿ ಒಂದು ಪ್ಯಾಕೆಟ್ಟೂ ಇರಲಿಲ್ಲ. ಆದರೆ ವಿಲೆ ಪಾರ್ಲೆಯವರೊಬ್ಬರು ಆ ಒಂದನ್ನು ಕೊಂಡರು, ಆ್ಯಪ್ ಮತ್ತೆ ಒಂದು ಎಂದಿತು. ಕುರ್ಲಾದವರು ಕೊಂಡರು, ಮತ್ತೆ ಒಂದು. ಇಲ್ಲದ ಪ್ಯಾಕೆಟ್ಟನ್ನು ಇಡೀ ಮುಂಬೈಗೆ ಮಾರಿದೆವು. ಕಳಿಸಲಾಗದೆ ಆರ್ಡರ್‌ಗಳು ಸಾಲಾಗಿ ರದ್ದಾದವು. ಸೆಟ್ಟಿಂಗ್ ತೆಗೆದೆ, ತಾಣದ ಆ್ಯಪ್ ಆ ಒಂದನ್ನು ಬಿಡಲಿಲ್ಲ. ಸ್ಟಾಕ್ ಆ್ಯಪನ್ನೇ ಕಿತ್ತು ಹಾಕಿದೆ, ಆಗಲೂ ಕೊರಿಯರ್‌ನವನು ಬಾಗಿಲಿಗೆ ಬಂದು ಪಾರ್ಸೆಲ್ ಕೇಳುತ್ತಲೇ ಇದ್ದ.

ಸಹಾಯ ಕೇಳಿದರೆ ಒಂದು ಕಂಪನಿ ಇನ್ನೊಂದರ ಕಡೆ ಬೆರಳು ತೋರಿಸಿತು. ಉತ್ತರ ಬರೆಯುತ್ತಿದ್ದದ್ದೂ ಮನುಷ್ಯರಲ್ಲ, ಯಂತ್ರ. ನಾನು ಸುಮ್ಮನಿರುವವನೇ? ನಿವೃತ್ತ ಜಡ್ಜ್ ಎಂದು ಗದರಿಸಿ ಬರೆದೆ. ಸಾಯುವ ಹಾಸಿಗೆಯಲ್ಲಿದ್ದೇನೆ ಎಂದು ಅತ್ತು ಬರೆದೆ. ಪ್ರತಿ ಸಲವೂ ನನ್ನ ತೊಂದರೆಗೆ ಅದು ಅದೇ ಮಾತಿನಲ್ಲಿ ವಿಷಾದಿಸಿತು. ಚೇಷ್ಟೆ ಮಾಡಬೇಕೆಂದರೆ ಎದುರಿಗೆ ಕೆಂಪಗಾಗುವ ಒಂದು ಮುಖ ಬೇಕು. ಅಲ್ಲಿ ಮುಖವೇ ಇರಲಿಲ್ಲ. ಒಂದು ಬೆಳಿಗ್ಗೆ, ಇಲ್ಲದ ಮಾಲು ಮಾರುವ ಅಂಗಡಿ ಎಂದು ತಾಣದವರು ನಮ್ಮನ್ನು ಕಾಯಂ ಆಗಿ ಹೊರಗೆ ಹಾಕಿದರು.

ಜ್ವರ ಬಿಟ್ಟು ಎದ್ದವಳಿಗೆ ಇದನ್ನು ಹೇಳಲಿಲ್ಲ. ಆರ್ಡರ್ ಯಾಕಿಲ್ಲ ಎಂದು ಕೇಳಿದಳು. ಶ್ರಾವಣ, ಜನ ಬೆಳ್ಳುಳ್ಳಿ ಹಾಕಿದ ಹಿಂಡಿ ಮುಟ್ಟುವುದಿಲ್ಲ ಎಂದೆ. ಶ್ರಾವಣ ಮುಗಿದಾಗ ಗಣಪತಿ ಎಂದೆ. ಗಣಪತಿ ಮುಳುಗಿದ ಮೇಲೆ ಪಿತೃಪಕ್ಷ ಎಂದೆ. ಎಲ್ಲವನ್ನೂ ನಂಬಿದಳು.

ಇವತ್ತು ಬೆಳಿಗ್ಗೆಯೂ ಶೇಂಗಾ ಹುರಿದಳು.

“ದಸರಾಕ್ಕ ಆರ್ಡರ್ ಬರ್ತಾವಲ್ರೀ?”

“ಬರಲಾರದ ಏನ್ಮಾಡ್ತಾವ” ಎಂದೆ.

ಇಷ್ಟು ಸಲೀಸಾಗಿ ಯಾರೂ ನನಗೆ ಮೋಸಹೋದದ್ದಿಲ್ಲ. ಅವಳು ಶೇಂಗಾ ತಿಕ್ಕಿ, ಮೊರಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ಸಿಪ್ಪೆ ಊದುತ್ತ ಕೂತೆ.