ಹಸಿರು ಮರಳಿದ ಹೊಂಡ

೧೯೭೬ರ ಬೇಸಿಗೆಯ ಒಂದು ಬೆಳಿಗ್ಗೆ, ಬಿಸಿಲು ಆಗಷ್ಟೇ ಏರುತ್ತಿದ್ದಾಗ, ನಾನು ಆಕ್ಸಿಡೇಶನ್ ಪಾಂಡಿನ ಪೂರ್ವ ದಂಡೆಯಲ್ಲಿ, ನೀರು ಹೊರಬಿಡುವ ಗೇಟಿನ ಪಕ್ಕ ನಿಂತಿದ್ದೆ. ಆಗ ನಾನು ನವಲಗುಂದ ತಾಲೂಕಿನ ಒಂದು ಸಣ್ಣ ಊರಿನ ಒಳಚರಂಡಿ ಕೆಲಸಕ್ಕೆ ಜೂನಿಯರ್ ಇಂಜಿನಿಯರ್. ಅಂದು ಕಂಡದ್ದು ಅರ್ಥವಾಗಬೇಕಾದರೆ ಅದರ ಹಿಂದಿನ ದಿನಗಳನ್ನು ಹೇಳಬೇಕು.

ಆಕ್ಸಿಡೇಶನ್ ಪಾಂಡ್ ಎಂದರೆ ಊರ ಕೊಳಚೆ ನೀರು ನಿಲ್ಲುವ, ಅಗಲವಾದ, ಆಳವಿಲ್ಲದ ಹೊಂಡ. ಅದಕ್ಕೆ ಯಂತ್ರವಿಲ್ಲ. ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ಆ ಆಮ್ಲಜನಕದ ಬಲದಿಂದ ಬ್ಯಾಕ್ಟೀರಿಯಾಗಳು ಹೊಲಸನ್ನು ತಿಂದು ಮುಗಿಸುತ್ತವೆ. ಹೊಂಡ ಹಸಿರಾಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಬೇಸಿಗೆಯಲ್ಲಿ ಕೆಳಗಿನ ಹಳ್ಳದಲ್ಲಿ ಹರಿಯುತ್ತಿದ್ದುದು ಈ ಹೊಂಡ ಬಿಟ್ಟ ನೀರು ಮಾತ್ರ. ದ್ಯಾಮವ್ವ ಎಂಬ ಹರೆಯದ ಹೆಣ್ಣುಮಗಳು ತನ್ನ ಕುರಿಗಳಿಗೆ ಅದನ್ನೇ ಕುಡಿಸುತ್ತಿದ್ದಳು.

ಆ ಸೀಮೆಯ ಬಾವಿಗಳ ನೀರು ಸವಳು, ಬರೀ ಉಪ್ಪು. ಜನ ಕುಡಿಯುವುದು ಕೆರೆಯ ನೀರು. ಆ ಕೆರೆಗೆ ಚಪ್ಪಲಿ ಮೆಟ್ಟಿ ಇಳಿಯುವವರಿಲ್ಲ, ದನಕುರಿ ಬಿಡುವವರೂ ಇಲ್ಲ. ಕೆರೆಯಲ್ಲಿ ಪಾಚಿ ಕಂಡರೆ ಗೋಣಿಚೀಲದಲ್ಲಿ ಚೂರು ಮೈಲುತುತ್ತು ಕಟ್ಟಿ, ತೆಪ್ಪದ ಹಿಂದೆ ಎಳೆದು ಸುತ್ತಿಸುವುದು ರೂಢಿ. ನಾನು ರಜೆಯ ಮೇಲಿದ್ದಾಗ ಕಾವಲುಗಾರ ಬಸಣ್ಣ ಊರ ನಾಲ್ಕು ಮಂದಿಯನ್ನು ಕೂಡಿಸಿ ಹೊಂಡಕ್ಕೂ ಅದೇ ಉಪಚಾರ ಮಾಡಿಬಿಟ್ಟಿದ್ದ. ನಾನು ಮರಳಿದಾಗ ಎದುರು ಬಂದು ಕೂಗಿದ:

"ಬರ್ರಿ ಸಾಹೇಬ್ರ, ಕನ್ನಡಿ ಮಾಡೇವ್ರಿ! ಕೆರಿಗೆ ಹಾಕೂ ಔಷಧ ಇದಕ್ಕೂ ಹಾಕಿದ್ವಿ. ಅಗದಿ ಧಾರಾಳ ಹಾಕೇವ್ರಿ."

ನೀರು ನಿಜಕ್ಕೂ ತಿಳಿಯಾಗಿತ್ತು. ಮೈಲುತುತ್ತಿನ ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ಕುರಿಗಳಿಗೂ ವಿಷ. ಆಗಲೇ ಗೇಟು ಇಳಿಸಿದೆ. ಸ್ವಲ್ಪ ದಿನದಲ್ಲೇ ಹೊಂಡ ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರತೊಡಗಿತು.

ಹಳ್ಳ ಬತ್ತಿತು. ದ್ಯಾಮವ್ವ ದಂಡೆ ಹತ್ತಿ ಬಂದಳು.

"ಹೊಲಸಿಗೆ ಜಳಕಾ ಮಾಡಸಾಕ ಹೋಗಿದ್ದೇನೋ ಬಸಣ್ಣ? ಕುಂಕುಮಾನೂ ಹಚ್ಚಬೇಕಿತ್ತಲ್ಲ!"

ಆಕೆ ನನ್ನ ಕಡೆ ತಿರುಗಿದಳು. "ಸವಳ ನೀರ ಕುಡದು ಈದ ಕುರಿ ಹಾಲ ಬತ್ತಾಕ ಹತ್ಯಾವ್ರಿ. ಮರಿ ಉಳೀತಾವೇನ್ರಿ?"

ಗೇಟು ತೆಗೆದರೆ ವಿಷ ಹಳ್ಳಕ್ಕೆ. ತೆಗೆಯದಿದ್ದರೆ ಹಿಂಡು ಬಾಯಾರುತ್ತದೆ, ಇತ್ತ ಊರ ಕೊಳಚೆ ಬರುತ್ತಲೇ ಇದ್ದು ದಂಡೆಯ ಅಂಚು ಮುಟ್ಟುತ್ತದೆ. ಎರೆಮಣ್ಣಿನ ದಂಡೆ ಒಡೆದರೆ ಎಲ್ಲವೂ ಒಮ್ಮೆಗೇ ಹಳ್ಳಕ್ಕೆ. ತಾಮ್ರ ಕೆಸರಿನೊಡನೆ ತಳಕ್ಕಿಳಿಯಲೆಂದು ಕಾಯ್ದೆವು. ಬಳಿಕ ದೂರದ ಊರೊಂದರ ಎಮ್ಮೆ ಮೀಯುವ ಹೊಂಡದ ಹಸಿರು ನೀರನ್ನು ಬ್ಯಾರಲ್ಲುಗಳಲ್ಲಿ ತುಂಬಿ, ಎತ್ತಿನ ಚಕ್ಕಡಿಯಲ್ಲಿ ತಂದು ಸುರಿದೆವು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮೈಲುತುತ್ತು ಹಾಕಿದವರೇ ಚಕ್ಕಡಿ ಹೊಡೆದರು. ನೀರು ಕಪ್ಪಾಗಿಯೇ ಉಳಿಯಿತು. ಅಂಚಿಗೆ ಒಂದು ಗೇಣು ಬಾಕಿ.

ಆ ಬೆಳಿಗ್ಗೆ ನಾನು, ಬಸಣ್ಣ, ದ್ಯಾಮವ್ವ ಮೂವರೇ ದಂಡೆಯ ಮೇಲಿದ್ದೆವು. ಮೊದಲು ಗಮನಕ್ಕೆ ಬಂದದ್ದು ನಾತ ಇಲ್ಲದಿರುವುದು. ಆಮೇಲೆ ಮೂಲೆಯಲ್ಲಿ ಒಂದು ಮಬ್ಬು ಹಸಿರು. ಬಿಸಿಲು ನೀರಿನ ಮೇಲೆ ಸರಿದಂತೆ ಅದೂ ಹಬ್ಬುತ್ತ ಬಂತು. ನಡುಹಗಲಿಗೆ ಇಡೀ ಹೊಂಡ ಎಳೆ ಕಡಲೆಯ ಹೊಲದಂತಾಯಿತು. ಬಾಗಿ ಕಿವಿಗೊಟ್ಟರೆ ಸಣ್ಣಗೆ ಚುರುಚುರು ಸದ್ದು: ಲೆಕ್ಕವಿಲ್ಲದಷ್ಟು ಗುಳ್ಳೆಗಳು ಒಡೆಯುತ್ತಿದ್ದವು. ಆಮ್ಲಜನಕದ ಪರೀಕ್ಷೆಯಲ್ಲಿ ಬಾಟಲಿಗೆ ರಾಸಾಯನಿಕ ಹಾಕಿದಾಗ ಬಿಳಿ ಗಷ್ಟು ಬಂದರೆ ನೀರು ಸತ್ತಂತೆ, ಕಂದು ಬಂದರೆ ಬದುಕಿದಂತೆ. ಅಷ್ಟು ದಿನ ಬಿಳಿ ಬಂದಿತ್ತು. ಅಂದು ಬಾಟಲಿ ದಟ್ಟ ಕಂದು ಬಣ್ಣಕ್ಕೆ ತಿರುಗಿತು.

"ಉಸರಾಡಾಕ ಹತ್ತೈತ್ರಿ," ಎಂದಳು ದ್ಯಾಮವ್ವ, ಮೆಲ್ಲಗೆ.

ಆದರೂ ಗೇಟು ತೆಗೆಯಲಿಲ್ಲ. ಬುಟ್ಟಿಯಲ್ಲಿ ಸಣ್ಣ ಮೀನುಗಳನ್ನು ನೀರಿಗೆ ಇಳಿಸಿಟ್ಟೆವು, ತಾಮ್ರದ ಪರೀಕ್ಷೆಗೆ ನೀರನ್ನು ಹುಬ್ಬಳ್ಳಿಗೆ ಕಳಿಸಿದೆವು. ಮೀನು ಉಳಿದವು, ಅಂಚಿಗೆ ನಾಲ್ಕು ಬೆರಳು ಬಾಕಿ ಇರುವಾಗ ಹುಬ್ಬಳ್ಳಿಯ ಉತ್ತರವೂ ಒಳ್ಳೆಯದೇ ಬಂತು. ಆಮೇಲೆ ಬಸಣ್ಣನೇ ಗೇಟು ಎತ್ತಿದ. ಕುರಿಗಳು ಹಳ್ಳಕ್ಕೆ ನುಗ್ಗಿದವು. ಎರಡು ಮರಿಗಳು ಅಷ್ಟರಲ್ಲಿ ಸತ್ತಿದ್ದವು, ಉಳಿದವು ಬದುಕಿಕೊಂಡವು.

ಮುಂದೆ ದೊಡ್ಡ ದೊಡ್ಡ ಯಂತ್ರಗಳ ಸ್ಥಾವರಗಳಲ್ಲಿ ದುಡಿದೆ. ನೀರನ್ನು ಶುದ್ಧ ಮಾಡುವವನು ನಾನು ಎಂದು ಆಮೇಲೆ ಎಂದೂ ಅನ್ನಿಸಲಿಲ್ಲ. ಅದನ್ನು ಮಾಡುವ ಜೀವಗಳಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ಬಸಣ್ಣ ಈಗಿಲ್ಲ. ದ್ಯಾಮವ್ವ ಶಲವಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಆ ಹಸಿರು ಹಬ್ಬಿದ್ದನ್ನು ಕಣ್ಣಾರೆ ಕಂಡವರು ಇನ್ನು ನಾವಿಬ್ಬರೇ.