ತಾಮ್ರದ ತಂಬಿಗೆಯ ನೀರು

ಗೋಕಾಕದ ಹೈಸ್ಕೂಲೊಂದರ ಪ್ರಯೋಗಶಾಲೆಯಲ್ಲಿ ನಾನು ಸಹಾಯಕನಾಗಿದ್ದೆ. ಓದಿದ್ದು ಮೆಟ್ರಿಕ್. ಅರವತ್ತರ ದಶಕದಲ್ಲಿ ಒಮ್ಮೆ ಊರಲ್ಲಿ ಬೇರೆ ಪ್ರಯೋಗಶಾಲೆ ಇಲ್ಲದ್ದರಿಂದ ಪೊಲೀಸರು ಒಂದು ಬಟ್ಟೆಗಂಟು ತಂದು ನನ್ನ ಮೇಜಿನ ಮೇಲಿಟ್ಟರು. ಹುಕ್ಕೇರಿ ಕಡೆಯ ಜಮೀನುದಾರನೊಬ್ಬನ ಕೊಲೆಯಾಗಿತ್ತು. ಗಂಟಿನಲ್ಲಿದ್ದುದು ಅವನ ಆಳಿನ ಒಗೆದ ಧೋತರ. ಆಳು ಹರಿಜನ ಕೇರಿಯವನು. ರಸಾಯನ ಪರೀಕ್ಷಕರು ಬರುತ್ತಾರೆ, ಧೋತರ ಹರವಿ ಕೋಣೆ ಕತ್ತಲು ಮಾಡಿಡು ಎಂದರು.

ಕೇರಿಯವರ ವಸ್ತುವನ್ನು ಮುಟ್ಟುವ ಮೊದಲು ತಾಮ್ರದ ತಂಬಿಗೆಯ ನೀರು ಚಿಮುಕಿಸುವುದು ನಮ್ಮ ಮನೆಯ ರೂಢಿ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಡಿಯಲು ತುಂಬಿಕೊಟ್ಟ ತಂಬಿಗೆ ಪಕ್ಕದಲ್ಲೇ ಇತ್ತು. ಕೋಲಿನಿಂದ ಗಂಟು ಬಿಡಿಸಿ, ನೀರು ಚಿಮುಕಿಸಿ, ಆಮೇಲೆ ಕೈಯಿಂದ ಹರವಿದೆ. ಪರೀಕ್ಷಕರು ಬರುವಷ್ಟರಲ್ಲಿ ನೀರು ಒಣಗಿತ್ತು.

ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಪರೀಕ್ಷಕರು, ರಕ್ತ ತಾಗಿದ್ದರೆ ಕತ್ತಲಲ್ಲಿ ಹೊಳೆಯುವ ಲ್ಯೂಮಿನಾಲ್ ಎಂಬ ಪುಡಿಯ ದ್ರಾವಣ ಸಿಂಪಡಿಸಿದರು. ಧೋತರದ ಮೇಲೆ ಹನಿಹನಿಯಾಗಿ ನೀಲಿ ಬೆಳಕು ಎದ್ದಿತು.

"ಏನ್ರಿ ಸಾಹೇಬ್ರ, ಧೋತರದಾಗ ದೀಪಾವಳಿ ಹತ್ತೈತಲ್ರಿ!" ಎಂದು ಜೊತೆಗಿದ್ದ ಪೊಲೀಸ್ ಫೌಜದಾರರು ನಕ್ಕರು.

ಪರೀಕ್ಷಕರು ನಗಲಿಲ್ಲ. "ತಡೀರಿ. ರಕ್ತಕ್ಕಷ್ಟ ಅಲ್ಲ, ತಾಮ್ರಕ್ಕೂ ಹಿಂಗ ಹೊಳಿತೈತಿ, ಬ್ಲೀಚಿಂಗ್ ಪೌಡರಿಗೂ ಹೊಳಿತೈತಿ" ಎಂದು ನನ್ನ ಕಡೆ ತಿರುಗಿದರು. "ಇದಕ್ಕ ಬ್ಯಾರೆ ಏನರ ತಾಗೈತೇನೋ?"

ಆ ಹನಿಗಳು ನನ್ನ ಬೆರಳಿನಿಂದ ಬಿದ್ದಂತೆಯೇ ಬಿದ್ದಿದ್ದವು. ನಿಜ ಹೇಳಿದರೆ ನೀರು ಚಿಮುಕಿಸಿದ್ದು ಏಕೆಂದು ಕೇಳುತ್ತಾರೆ. ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದಿತ್ತು, ನೌಕರಿ ಹೋದೀತು.

"ಏನೂ ಇಲ್ರಿ ಸಾಹೇಬ್ರ" ಎಂದೆ.

ಒಗೆದ ಬಟ್ಟೆಯಾದ್ದರಿಂದ ಬೇರೆ ಪರೀಕ್ಷೆಗೆ ಏನೂ ಸಿಗಲಿಲ್ಲ. ಜಮೀನುದಾರನೊಂದಿಗೆ ಕೂಲಿಗಾಗಿ ಆಳು ಜಗಳಾಡಿದ್ದನೆಂಬ ಸಾಕ್ಷಿ ಇತ್ತು, ಅದರ ಜೊತೆಗೆ ಈ ಬೆಳಕು ಸೇರಿತು. ಆಳಿಗೆ ಜನ್ಮಠೇಪೆಯಾಯಿತು, ಜೀವಾವಧಿ ಜೈಲು. ಮೂರನೆಯ ಬೇಸಿಗೆಗೆ ಅವನು ಜೈಲಿನಲ್ಲೇ ಸತ್ತ. ಕೊಂದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವನೇ ಇದ್ದರೂ ಇರಬಹುದು ಎಂದು ಎಷ್ಟೋ ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಆ ಬೆಳಕು ಮಾತ್ರ ಅವನದಲ್ಲ.

ಶಿಕ್ಷೆಯಾದ ದಿನ ಅವನ ಹೆಂಡತಿ ತೀರ್ಪು ಕೇಳಲು ಹೋಗಿದ್ದ ನನ್ನನ್ನು ಕೋರ್ಟಿನ ಹೊರಗೆ ತಡೆದಳು.

"ಯಪ್ಪಾ, ಅವರ ಧೋತರ ನಾನ ಒಗದೇನ್ರಿ. ರಕ್ತ ಇರಲಿಲ್ರಿ. ಹೊಳದದ್ದು ಖರೇನ ನೋಡಿರೇನ್ರಿ?"

"ನೋಡೇನಿ" ಎಂದೆ. ಅದು ಸುಳ್ಳಲ್ಲ.

ತನ್ನ ನೆರಳು ನನ್ನ ಮೇಲೆ ಬೀಳುತ್ತಿರುವುದನ್ನು ಕಂಡು, ಅವಳು ಸೆರಗು ಬಿಗಿಹಿಡಿದು ಹಿಂದೆ ಸರಿದಳು.