ಎಳೆ ಕಡಿದಾಗ

ಕೊಳ್ಳೇಗಾಲದ ರಾಮಲಿಂಗಯ್ಯನವರ ರೇಷ್ಮೆ ಮಗ್ಗದ ಮನೆಯಲ್ಲಿ ಆರು ಜನ ನೇಯುತ್ತಿದ್ದರು. ಉಳಿದವರು ಎರಡು ಸೀರೆ ಇಳಿಸುವ ಹೊತ್ತಿಗೆ ಮಾಂಬಳ್ಳಿಯ ಚಿಕ್ಕಬಸಮ್ಮನದು ಒಂದೇ. ಒಂದು ದಿನ ರಾಮಲಿಂಗಯ್ಯ ಎಲ್ಲರ ಎದುರಿಗೇ, "ನಿನ್ನ ಕೈಲಿ ಆಗಲ್ಲ, ನಾಳೆಯಿಂದ ಬರಬೇಡ" ಎಂದುಬಿಟ್ಟರು. ಆಕೆಯ ಮಗ್ಗಕ್ಕೆ ಚುರುಕಾದ ಚೌಡೇಶನನ್ನು ಕೂರಿಸಿದರು.

ಆ ತಿಂಗಳು ಸೀರೆಗಳು ಹೆಚ್ಚುವ ಬದಲು ಕಡಿಮೆಯಾದವು. ಯಾಕೆಂದು ಕೇಳಿದಾಗ ನೇಕಾರ ಮಧು ತಲೆ ಎತ್ತದೆ ಹೇಳಿದ: "ಯಾರ ಮಗ್ಗದಲ್ಲಿ ಎಳೆ ಕಡಿದ್ರೂ ಬಸಕ್ಕನೇ ಎದ್ದು ಬಂದು ಗಂಟಾಕ್ತಿತ್ತು ಯಜಮಾನ್ರೇ. ಈಗ ಅವರವರೇ ಮಗ್ಗ ನಿಲ್ಲಿಸ್ಕಂಡು ಕೂತ್ಕಬೇಕು."

ಹತ್ತು ವರ್ಷ ಕಣ್ಣೆದುರೇ ನಡೆದದ್ದು ತನಗೆ ಕಾಣಲಿಲ್ಲವಲ್ಲ ಎಂದು ರಾಮಲಿಂಗಯ್ಯನವರಿಗೆ ಅನ್ನ ಸೇರಲಿಲ್ಲ. ಇನ್ನೊಂದು ಮಗ್ಗ ಹಾಕಿಸಿ, ಮಾಂಬಳ್ಳಿಗೆ ಹೋಗಿ, "ತಪ್ಪು ನಂದು ಕಣವ್ವ, ಬಾ" ಎಂದು ಕರೆದರು.

ಚಿಕ್ಕಬಸಮ್ಮ ಬಂದಳು. ಎಲ್ಲರ ಸಮಕ್ಕೂ ನೇಯ್ದಳು. ಆದರೆ ಪಕ್ಕದ ಮಗ್ಗದಲ್ಲಿ ಎಳೆ ಕಡಿದರೆ ತಿರುಗಿಯೂ ನೋಡಲಿಲ್ಲ.

"ಒಂಚೂರು ಕೈ ಹಾಕಬಾರದಾ, ಬಸವ್ವ?"

"ಅಲ್ಲಿಗೋದ್ರೆ ನನ್ನ ಸೀರೆ ಇಂದಕ್ ಬಿದ್ದೋಯ್ತದಲ್ಲ, ಯಜಮಾನ್ರೇ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆಯಿತ್ತು. ಅದನ್ನು ಹುಟ್ಟಿಸಿದವನು ತಾನೇ ಎಂದು ರಾಮಲಿಂಗಯ್ಯನವರಿಗೆ ಗೊತ್ತಿತ್ತು. ಅವರು ಕನ್ನಡಕ ಹಾಕಿಕೊಂಡು, ಮಂಡಿ ಹಿಡಿದು ಮೇಲೆದ್ದು, ತಾವೇ ಹೋಗಿ ಮಧುವಿನ ಮಗ್ಗದಲ್ಲಿ ಕಡಿದಿದ್ದ ಎಳೆ ಹುಡುಕತೊಡಗಿದರು.